ವಾಲ್ವುಗಳ ಬೆನ್ನು ಹತ್ತಿದ ಮುಸ್ತಾಕ

ಸವಣೂರಿನ ಮುಸ್ತಾಕ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಾನೆ. ಅವನನ್ನು ಕೂತಲ್ಲಿ ಕೂರಗೊಡದಂತೆ ಮಾಡಿದ್ದು ಹಳೆಯ ವಾಲ್ವ್ ಆಂಪ್ಲಿಫೈಯರುಗಳು. ಒಳಗಿನ ಗಾಜಿನ ವಾಲ್ವುಗಳು ನಿಧಾನ ಕಾಯ್ದು ಕೆಂಪಗಾದ ಮೇಲಷ್ಟೇ ಅವು ದನಿ ಬಿಡುತ್ತವೆ. ತಂತಿಯನ್ನು ಜೋರಾಗಿ ಮೀಟಿದರೆ ಹಾಡುಗಾರನ ಗಂಟಲು ಒಡೆದಂತೆ ದನಿ ಒರಟಾಗುತ್ತದೆ. ಈಗಿನ ಹಗುರ ಪೆಟ್ಟಿಗೆಗಳಲ್ಲಿ ಆ ಒರಟು ಇಲ್ಲವೆನ್ನುವುದು ಅವನ ಹಟ. ಮೈಕ್ ಸೆಟ್ಟಿನವರ ಅಟ್ಟ, ಅಕ್ಕಿಆಲೂರಿನ ಗುಜರಿ, ಎಲ್ಲಿ ಸುದ್ದಿ ಸಿಕ್ಕರೂ ಹೊರಟೇಬಿಡುವನು.

"ಮನಿಯಾಗ ಕಾಲು ಚಾಚಾಕ ಜಾಗಾ ಇಲ್ಲ, ಮತ್ತೊಂದು ಪೆಟಗಿ ತಂದೀರೇನು?" ಎಂದು ಹೆಂಡತಿ ತಹಮೀನಾ ಬಯ್ಯುವಳು.

ಹೋದ ವರ್ಷ ಹಾನಗಲ್ಲಿನ ನಿವೃತ್ತ ಶಿಕ್ಷಕಿ ಮನೋರಮಾ ಅವರ ಮನೆಯಲ್ಲಿ ಗಿಟಾರಿಗೆಂದೇ ಮಾಡಿದ ವಾಲ್ವ್ ಆಂಪ್ಲಿಫೈಯರ್ ಸೆಟ್ಟು ಇದೆಯೆಂದು ತಿಳಿಯಿತು. ಹೊಲಿಗೆ ಯಂತ್ರದ ಹಿಂದೆ ಹಳೇ ಸೀರೆ ಹೊದ್ದು ಕೂತಿದ್ದ ಅದನ್ನು ಕಂಡದ್ದೇ, "ಅಕ್ಕೋರ, ಇದನ್ನ ನನಗ ಕೊಡ್ರಿ" ಅಂದ.

"ಮೊದಲ ಅದನ್ನ ಮಾತಾಡಸ್ರಿ. ಆಮ್ಯಾಲ ನೋಡೋಣು."

ಮುಸ್ತಾಕ ಸತ್ತ ಭಾಗಗಳನ್ನೆಲ್ಲ ಬದಲಿಸಿ ಸ್ವಿಚ್ ಒತ್ತಿದ. ವಾಲ್ವು ಕೆಂಪಗಾದವು. ತನ್ನ ಗಿಟಾರಿಗೆ ಅವನು ಕೈ ಹಾಕುವಷ್ಟರಲ್ಲಿ ಮನೋರಮಾ ಒಳಗಿನಿಂದ ಹವಾಯನ್ ಗಿಟಾರ್ ತಂದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಬೆರಳು ಮೊದಲು ತಡವರಿಸಿದವು. ಆಮೇಲೆ ಎದ್ದ ರಾಗ ಪಡಸಾಲೆ ತುಂಬಿತು.

"ಮದುವಿ ಆದ ಮ್ಯಾಲೆ ಮುಟ್ಟೇ ಇದ್ದಿಲ್ಲ," ಅಂದರು. "ಇದನ್ನ ಕೊಡೂದಾಗೂದಿಲ್ಲರಿ. ತಪ್ಪು ತಿಳ್ಕೋಬ್ಯಾಡ್ರಿ."

ಅವನು ಬರಿಗೈಲಿ ಮರಳಿದ. ಸಿಟ್ಟೂ ಬಂದಿತ್ತು, ಆ ರಾಗವೂ ಕಿವಿ ಬಿಡಲಿಲ್ಲ.

ಮಳೆಗಾಲಕ್ಕೆ ಮನೋರಮಾ ಫೋನ್ ಮಾಡಿದರು: "ದನೀನಽ ಹೋತ್ರಿ." ಹೋಗಿ ನೋಡಿದರೆ ದೊಡ್ಡ ವಾಲ್ವೊಂದು ಸುಟ್ಟಿತ್ತು. ಹುಬ್ಬಳ್ಳಿಯಲ್ಲೂ ಅಂಥದ್ದು ಸಿಗಲಿಲ್ಲ. ಅಂಥದ್ದೇ ಇನ್ನೊಂದು ಇದ್ದದ್ದು ಮುಸ್ತಾಕ ಜೀವದಂತೆ ಇಟ್ಟುಕೊಂಡ ಸೆಟ್ಟಿನಲ್ಲಿ. ಸುಮ್ಮನಿದ್ದರೆ ಅವರ ಪೆಟ್ಟಿಗೆ ಮೂಕಾಗಿ, ಒಂದಿನ ತನಗೇ ಬಂದೀತು. ಆ ಯೋಚನೆ ಹೊಕ್ಕದ್ದೇ ಅವನು ಮನೆಯೊಳಗೆ ಅತ್ತಿಂದಿತ್ತ ತಿರುಗತೊಡಗಿದ.

"ಯಾಕ ಹಿಂಗ ತಿರಗಾಕತ್ತೀರಿ? ಹಾನಗಲ್ಲಿನ ಅಕ್ಕೋರು ನುಡಸಿದ್ದು ಛಲೋ ಇದ್ದಿಲ್ಲೇನು?" ಎಂದಳು ತಹಮೀನಾ.

"ಭಾಳ ಛಲೋ ಇತ್ತು. ಅದಽ ತ್ರಾಸ ಆಗೇತಿ."

ಮರುದಿನ ತನ್ನ ಸೆಟ್ಟಿನ ವಾಲ್ವು ಕಿತ್ತು, ತಹಮೀನಾಳ ದುಪಟ್ಟಾದಲ್ಲಿ ಸುತ್ತಿಕೊಂಡು ಹಾನಗಲ್ಲಿಗೆ ಹೋದ.

"ಎಲ್ಲಿ ಸಿಕ್ತ್ರಿ ಇದು?" ಮನೋರಮಾ ಕೇಳಿದರು.

"ಎಲ್ಲೋ ಸಿಕ್ತು ಬಿಡ್ರಿ ಅಕ್ಕೋರ. ನುಡಸ್ರಿ."

ಅವರು ನುಡಿಸಿದರು. ಅವನು ಕೇಳಿದ, ಆದರೆ ಚಹಾ ಮುಗಿಯುವ ತನಕವೂ ಕೂರಲಿಲ್ಲ. ಹಿರೇಕೆರೂರಿನಲ್ಲಿ ಯಾರೋ ಹಳೇ ಟೂರಿಂಗ್ ಟಾಕೀಸಿನ ಸಾಮಾನು ಮಾರಾಟಕ್ಕೆ ತೆಗೆಯುತ್ತಿದ್ದಾರಂತೆ, ಅದರಲ್ಲಿ ತಾನು ಕಿತ್ತುಕೊಟ್ಟಂಥದ್ದೇ ವಾಲ್ವು ಇರಬಹುದಂತೆ. ಮನೆಗೆ ಹೋಗದೆ ಸೀದಾ ಆ ಊರಿನ ಬಸ್ಸಿಗೇ ಓಡಿದ.