ನಾಳೆ ಬದಲಾದರೆ?

ನಮ್ಮ ಹಳೆಯ ಆಫೀಸಿನ ಆರ್ಕಿಟೆಕ್ಟ್ ಸಾಹೇಬರು ಮನೆ ಕಟ್ಟಿಸುವವರಲ್ಲ, ಸಾಫ್ಟ್‌ವೇರ್ ಕಟ್ಟಿಸುವವರು. ವಿದ್ಯಾರಣ್ಯಪುರಂನ ಒಂದು ಕಲ್ಯಾಣ ಮಂಟಪದ ಬುಕಿಂಗಿಗೆ ಸಾದಾ ಡೇಟಾಬೇಸ್ ಸಾಕಿತ್ತು. ಆದರೆ ಸರ್ವರ್‌ಗೂ ಡೇಟಾಬೇಸಿಗೂ ನಡುವೆ ದಲ್ಲಾಳಿಯಂತೆ ಕೂತು, ಯಾವ ಡೇಟಾಬೇಸ್ ಬಂದರೂ ನಿಭಾಯಿಸುವ ಫ್ರೇಮ್‌ವರ್ಕ್ ಆರಿಸಲು ಅವರಿಗೆ ಮೂರು ತಿಂಗಳು ಬೇಕಾಯಿತು.

"ನಾಳೆ ಡೇಟಾಬೇಸೇ ಬದಲಾದ್ರೆ ಏನ್ಮಾಡ್ತೀರ್ರೀ?" ಎಂದು ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ದೂರದೃಷ್ಟಿಗೆ ಕನ್ನಡಕ ಬೇಡವಲ್ಲ.

ಮಂಟಪದ ಮ್ಯಾನೇಜರಮ್ಮ ವಾರವಿಡೀ ಕೂತು ವರ್ಷದ ಮದುವೆಗಳನ್ನೆಲ್ಲ ಆ ಹೊಸ ಸಾಫ್ಟ್‌ವೇರಿನಲ್ಲಿ ತುಂಬಿಸಿದರು. ಮರುದಿನ ಸಾಹೇಬರು ಆಕೆಯ ಎದುರೇ ಸರ್ವರ್ ರೀಸ್ಟಾರ್ಟ್ ಮಾಡಿದರು. ಪ್ರತಿ ಸಲ ಶುರುವಾದಾಗಲೂ ಮಾಹಿತಿ ತುಂಬಿದ ಹಳೆಯ ಟೇಬಲ್‌ಗಳನ್ನು ಅಳಿಸಿ ಖಾಲಿ ಹೊಸದು ಮಾಡು ಎಂದು ಸೆಟ್ಟಿಂಗಿನಲ್ಲಿ ಅವರೇ ಬರೆದಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬುಕಿಂಗ್ ಪುಟ ತೆರೆದುಕೊಂಡಿತು.

"ನೋಡಿದ್ರಾ ಮೇಡಂ, ಎಷ್ಟು ಫಾಸ್ಟು!"

"ಮದ್ವೆಗಳೆಲ್ಲ ಎಲ್ಲೋದ್ವು ಸಾರ್?"

ಸಾಹೇಬರ ಕನ್ನಡಕ ಮತ್ತೆ ಹಣೆಗೇರಿತು. "ಅದೂ... ನಾಳೆ ಡೇಟಾಬೇಸೇ ಬದಲಾದ್ರೆ ಅಂತ..."

ಮ್ಯಾನೇಜರಮ್ಮ ಚೀಲದಿಂದ ಸುತ್ತಿಟ್ಟಿದ್ದ ಗೋಡೆ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮುಹೂರ್ತದ ದಿನಗಳ ಮೇಲೆಲ್ಲ ಪೆನ್ಸಿಲಿನಲ್ಲಿ ವಧೂವರರ ಹೆಸರುಗಳಿದ್ದವು.

"ನಾವೂ ವರ್ಷ ವರ್ಷ ಇದನ್ನ ಬದಲಾಯಿಸ್ತೀವಿ ಸಾರ್. ಆದ್ರೆ ಯಾರ ಮದ್ವೇನೂ ಅಳ್ಸಲ್ಲ."