ಒಂದೇ ಕಡೆ ವಾಲಿದ ಎಳೆಗಳು

ಪಾದದಣ್ಣನ ಬಗ್ಗೆ ಬರೆಯಲು ಕಾರಣ ಒಂದೇ. ತಮ್ಮ ತಪ್ಪನ್ನು ಒಬ್ಬ ಹೆಂಗಸಿನ ಕಾಲಿಗೆ ಕಟ್ಟಿ, ತಪ್ಪು ನಿನ್ನದೇ ಎಂದು ಆಕೆಯನ್ನು ನಂಬಿಸಿದವರು ಅವರು. ಆಮೇಲೆ ಆ ಗಂಟನ್ನು ನಾಲ್ಕು ಜನರ ಎದುರಿಗೇ ಬಿಚ್ಚಿದವರೂ ಅವರೇ. ಮೊದಲನೆಯದನ್ನು ನಾವೆಲ್ಲ ಮಾಡುತ್ತೇವೆ. ಎರಡನೆಯದಕ್ಕೆ ಎದೆ ಬೇಕು. ಅವರನ್ನೇ ಕೇಳಿದರೆ, "ಎದೆಯೂ ಇಲ್ಲ, ಮಣ್ಣೂ ಇಲ್ಲ. ನಾಚಿಕೆ ತಡ್ಕೊಳ್ಳೋಕೆ ಆಗಲಿಲ್ಲ" ಅನ್ನುತ್ತಾರೆ.

ಅವರ ಕೆಲಸ ಕೃತಕ ಕಾಲಿನ ಪಾದ ಮಾಡುವುದು. ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಶೆಡ್ಡು. ಅದರ ಒಂದು ಕೋಣೆಯಲ್ಲಿ ಕಾಲು ಕಟ್ಟುವವರು, ಇನ್ನೊಂದು ಕೋಣೆಯಲ್ಲಿ ನಡಿಗೆ ಕಲಿಯುವವರು, ಕೊನೆಯ ಕೋಣೆಯಲ್ಲಿ ಪಾದದಣ್ಣ. ಆ ಕೋಣೆಗೆ ಹೋದರೆ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಅಚ್ಚಿನೊಳಗೆ ಹಾಸಿ, ಅಂಟು ಸವರಿ, ಒತ್ತಿ, ಬಿಸಿ ಮಾಡಿ ತೆಗೆದರೆ ಪಾದದ ಪಟ್ಟಿ ಬರುತ್ತದೆ. ನೋಡಲು ದಪ್ಪ ಹಲಗೆ. ಆದರೆ ತೂಕ ಬಿದ್ದಾಗ ಬಗ್ಗುತ್ತದೆ, ಬಿಟ್ಟಾಗ ಚಿಮ್ಮುತ್ತದೆ. ಗಾಜಿನ ನೂಲು ಮೈಗೆ ತಾಗಿದರೆ ಕೆರೆತ. ಅದಕ್ಕೇ ಅವರ ಹೆಂಡತಿ ಅವರ ಅಂಗಿಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯುವುದಿಲ್ಲ. "ನಿಮ್ಮ ಅಂಗಿಗೆ ಬೇರೆ ಬಕೆಟ್ಟು, ಬೇರೆ ಹಗ್ಗ. ಆಸ್ತಿ ಪಾಲಾದ ಹಾಗೆ" ಅನ್ನುತ್ತಾರೆ.

ಈ ಕೆಲಸಕ್ಕೆ ಬರುವ ಮುಂಚೆ ಪಾದದಣ್ಣ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಕೈ ಚುರುಕು. ಆ ಚುರುಕು ನೋಡಿಯೇ ಶೆಡ್ಡಿನವರು ಕರೆದುಕೊಂಡಿದ್ದು.

ಪಾದದ ಪಟ್ಟಿಯಲ್ಲಿ ನಡುವಿನ ಪದರಗಳ ಎಳೆ ಹಿಮ್ಮಡಿಯಿಂದ ಬೆರಳಿಗೆ ನೇರವಾಗಿ ಓಡುತ್ತದೆ. ಅದರ ಮೇಲೆ ಕೆಳಗೆ ಹಾಕುವ ಪದರಗಳ ಎಳೆ ಓರೆ. ಒಂದು ಬಲಕ್ಕೆ ವಾಲಿದರೆ ಅದರ ಜೋಡಿ ಎಡಕ್ಕೆ ವಾಲಬೇಕು. ಆಗ ಒಂದು ಎಳೆದಿದ್ದನ್ನು ಇನ್ನೊಂದು ತಡೆಯುತ್ತದೆ, ಪಾದ ನೆಟ್ಟಗೆ ಬಗ್ಗುತ್ತದೆ. ಎರಡೂ ಒಂದೇ ಕಡೆ ವಾಲಿದರೆ ಬಗ್ಗುವುದೂ ತಿರುಚುವುದೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಗ್ಗಿಸಿದರೆ ಸಾಕು, ನೀವು ಕೇಳದಿದ್ದರೂ ತಿರುಚುತ್ತದೆ. ಇದನ್ನೆಲ್ಲ ಪಾದದಣ್ಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಅವರು ಬಟ್ಟೆಯನ್ನು ಮಡಿಚಿ, ತಗಡಿನ ನಮೂನೆ ಇಟ್ಟು, ಒಂದೇ ಸಲ ಕತ್ತರಿಸುತ್ತಿದ್ದರು. ಮಡಿಕೆ ಬಿಚ್ಚಿದರೆ ಒಂದು ಬಲಗೈ, ಒಂದು ಎಡಗೈ ಇದ್ದ ಹಾಗೆ ಜೋಡಿ ತಾನಾಗಿಯೇ ಬರುತ್ತಿತ್ತು.

ಒಂದು ವರ್ಷ ಬೇರೆ ಬಟ್ಟೆ ಬಂತು. ಗಡುಸು. ಮಡಿಚಿದರೆ ಮಡಿಕೆಯಲ್ಲಿ ಎಳೆ ಮುರಿಯುತ್ತಿತ್ತು. ಪಾದದಣ್ಣ ಮಡಿಚುವುದನ್ನು ಬಿಟ್ಟರು. ಎರಡು ತುಂಡು ಒಂದರ ಮೇಲೊಂದು ಚಪ್ಪಟೆ ಹಾಸಿ ಕತ್ತರಿಸಿದರು. ಅಚ್ಚಿಗೆ ಹಾಕುವಾಗ ಒಂದನ್ನು ಮಗುಚಿದ್ದರೂ ಸರಿಹೋಗುತ್ತಿತ್ತು. ಆದರೆ ಒರಟು ಮೈ ಯಾವಾಗಲೂ ಕೆಳಗೇ ಇರಬೇಕು ಎಂದು ಅವರ ಕೋಣೆಯ ಕಟ್ಟಳೆ. ಕಟ್ಟಳೆ ಮುರಿಯಲಿಲ್ಲ. ಎರಡೂ ಎಳೆ ಒಂದೇ ಕಡೆ ವಾಲಿ ಕೂತವು.

ಪರೀಕ್ಷೆ ಮಾಡಿಯೇ ಕೊಡುತ್ತಿದ್ದರು. ಪಟ್ಟಿಯ ಮೇಲೆ ಅಗಲವಾದ ಹಲಗೆ ಇಟ್ಟು ಯಂತ್ರದಲ್ಲಿ ಒತ್ತಿ, ಎಷ್ಟು ಬಗ್ಗಿತು ಎಂದು ನೋಡುವುದು. ಅಗಲದ ಹಲಗೆ ಎರಡೂ ಅಂಚನ್ನು ಅದುಮಿ ಹಿಡಿದಿರುತ್ತದೆ. ತಿರುಚಬೇಕೆಂದರೂ ಪಟ್ಟಿಗೆ ಜಾಗವಿಲ್ಲ. ಎಲ್ಲ ಪಾದವೂ ಪಾಸು.

ಅಂಥ ಒಂದು ಪಾದ ಅಂಚೆಯಕ್ಕನಿಗೆ ಹೋಯಿತು. ಆಕೆ ಮನೆ ಮನೆಗೆ ಅಂಚೆ ಹಂಚುತ್ತಿದ್ದವಳು. ಅಪಘಾತದಲ್ಲಿ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಮೆಟ್ಟಿಲು ಹತ್ತಿ ಇಳಿದು ತೋರಿಸಿದರೆ ಹಳೆಯ ಬೀದಿಗಳು ವಾಪಸು, ಇಲ್ಲದಿದ್ದರೆ ಒಳಗೆ ಕೂತು ಮುದ್ರೆ ಒತ್ತುವ ಕೆಲಸ ಎಂದು ಕಚೇರಿಯವರು ಹೇಳಿದ್ದರು. ಆಕೆಗೆ ಬೀದಿಗಳೇ ಬೇಕಿತ್ತು.

ನಡಿಗೆ ಕಲಿಯುವ ಕೋಣೆಯಲ್ಲಿ ಕೈಗಂಬಿ ಹಿಡಿದು ನಡೆಯುವಾಗ ಪ್ರತಿ ಹೆಜ್ಜೆಗೂ ಪಾದ ಕಿರುಬೆರಳಿನ ಕಡೆ ಹೊರಳುತ್ತಿತ್ತು. ಆಕೆ ಪಾದದಣ್ಣನನ್ನು ಕರೆಸಿದಳು.

"ಅಣ್ಣ, ಇದು ಹೊರಳ್ತಾ ಇದೆ."

"ಪಾದ ತಾನಾಗೇ ಹೊರಳಲ್ಲಮ್ಮ. ನೀನು ಹೊರಳಿಸ್ತಾ ಇದೀಯ. ಹೆದರಿಕೆ ನಿನಗೆ."

"ಹೆದರಿಕೆ ಇಲ್ಲಣ್ಣ. ತೂಕ ಬಿಟ್ಟ ತಕ್ಷಣ..."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು ಪಾದದಣ್ಣ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಕೆಯೂ ನಕ್ಕಳು. ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

ಆಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಂಡು ದಿನಾ ಅದರ ಮೇಲೆ ನಡೆದಳು. ಪಾದದಣ್ಣ ಬಾಗಿಲಲ್ಲಿ ನಿಂತು ನೋಡಿ, "ಹಾಂ, ಇನ್ನೂ ಸ್ವಲ್ಪ ಧೈರ್ಯ" ಎಂದು ಹೋಗುತ್ತಿದ್ದರು. ಮೆಟ್ಟಿಲಿನ ಪರೀಕ್ಷೆಯ ದಿನ ಆಕೆ ಬಿದ್ದಳು. ಕಚೇರಿಯವರ ಎದುರಿಗೇ ಬಿದ್ದಳು.

ಮಾರನೆಯ ವಾರ ಊರುಗೋಲಿನಲ್ಲಿ ಬಂದು ಪಾದವನ್ನು ಪಾದದಣ್ಣನ ಮೇಜಿನ ಮೇಲೆ ಇಟ್ಟಳು.

"ಕ್ಷಮಿಸಿ ಅಣ್ಣ. ನೀವು ಅಷ್ಟು ಹೇಳಿದ್ರಿ, ನನ್ನಿಂದ ಆಗಲಿಲ್ಲ. ನಡೆಯೋಕೆ ಬರೋರಿಗೆ ಯಾರಿಗಾದ್ರೂ ಕೊಡಿ."

ಪಾದದಣ್ಣನಿಗೆ ಅಯ್ಯೋ ಅನ್ನಿಸಿತು. ಅಷ್ಟೇ. ಪಾದವನ್ನು ಕಪಾಟಿಗೆ ಹಾಕಲು ಮನಸ್ಸು ಬರದೆ ಚೀಲದಲ್ಲಿಟ್ಟು ಮನೆಗೆ ತಂದರು.

ರಜೆಯ ದಿನ. ಹೆಂಡತಿ ಮೇಜಿನ ಒಂದು ತುದಿಯಲ್ಲಿ ಯಾರದೋ ಅಂಗಿ ಹೊಲಿಯುತ್ತಿದ್ದರು. ಪಾದದಣ್ಣ ಇನ್ನೊಂದು ತುದಿಯಲ್ಲಿ ಪಟ್ಟಿಯ ಹಿಮ್ಮಡಿಯನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ಮೇಜಿನಾಚೆ ಚಾಚಿದ ಬೆರಳಿನ ಕಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬಗ್ಗಿತು. ಬಗ್ಗುತ್ತಾ ಒಂದು ಅಂಚು ಕೆಳಗಿಳಿಯಿತು. ಬಿಟ್ಟು ಮತ್ತೆ ಒತ್ತಿದರು. ಮತ್ತೆ ಅದೇ ಅಂಚು.

"ಏನ್ರೀ ಅದು, ಸೊಟ್ಟ ಮಾಡ್ಕೊಂಡ ಮೂತಿ ಹಾಗೆ ತಿರುಗುತ್ತೆ?" ಅಂದರು ಹೆಂಡತಿ.

"ತಿರುಗಬಾರದು. ಎರಡು ಪದರ ಎದುರುಬದುರು ಇರುತ್ತೆ."

"ಇದೆಯಾ? ನೋಡಿ ಮೊದಲು."

ಪಾದದಣ್ಣ ಚಾಕುವಿನಿಂದ ಅಂಚು ಕೆರೆದು ಪದರ ಎಬ್ಬಿಸಿದರು. ಮೊದಲನೆಯದರ ಎಳೆ ಬಲಕ್ಕೆ. ಅದರ ಜೋಡಿಯದೂ ಬಲಕ್ಕೆ. ಹೆಂಡತಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಮಡಿಚದೆ ಕತ್ತರಿಸಿದ್ರಾ?"

ಅವರು ಚಾಕು ಕೆಳಗಿಟ್ಟರು.

"ಎರಡೂ ಎಡಗೈ ತೋಳೇ ಕತ್ತರಿಸಿದಂಗಾಯ್ತಲ್ಲ. ಅಂಗಡಿಗೆ ಸೇರಿದ ಮೊದಲ ದಿನ ಹೇಳಿಕೊಡೋ ಪಾಠ ಅಲ್ವೇನ್ರೀ ಅದು?"

ಆ ಮಾತು ಅವರ ಕಿವಿಗೆ ಕಾದ ಸೀಸ ಹೊಯ್ದ ಹಾಗಾಯಿತು. ಊಟಕ್ಕೆ ಕೂತರು, ಏಳಲಿಲ್ಲ, ತಿನ್ನಲೂ ಇಲ್ಲ. ಕಣ್ಣ ಮುಂದೆ ಆ ಸುಣ್ಣದ ಗೆರೆಯೇ. ಅದರ ಮೇಲೆ ಬೆವರುತ್ತಾ ನಡೆದ ಹೆಂಗಸು. ಬಾಗಿಲಲ್ಲಿ ನಿಂತು ಧೈರ್ಯ ಹೇಳಿದ ಗಂಡಸು.

ಇಷ್ಟಾದರೂ ನಾಲಿಗೆ ಏಳಲಿಲ್ಲ. ಇಲ್ಲಿ ಅವರನ್ನು ಹೊಗಳುವ ಹಾಗಿಲ್ಲ. ಹೊಸ ಪಾದ ಮಾಡಿದರು, ಎಳೆ ನೋಡಿ ನೋಡಿ ಹಾಕಿದರು. ಅಂಚೆಯಕ್ಕನನ್ನು ಕರೆಸಿ, "ಸ್ವಲ್ಪ ಬದಲಾಯಿಸಿದೀನಿ, ಇನ್ನೊಂದು ಸಲ ಹಾಕ್ಕೊಂಡು ನೋಡಮ್ಮ" ಅಂದರು. ಆಕೆ ಹಾಕಿಕೊಂಡು ನಡೆದಳು. ನೆಟ್ಟಗೆ ನಡೆದಳು. ಕೋಣೆಯವರು ಚಪ್ಪಾಳೆ ತಟ್ಟಿದರು.

"ನೀವು ಹೇಳಿದ್ದೇ ನಿಜ ಅಣ್ಣ. ಧೈರ್ಯ ಬಂತು ನನಗೆ" ಅಂದಳು.

ಪಾದದಣ್ಣ ತಲೆಯಾಡಿಸಿದರು. ಧೈರ್ಯವಲ್ಲ, ಎಳೆ ಎಂದು ಗೊತ್ತಿತ್ತು. ಆದರೂ ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಕೈಗಂಬಿಯ ಆ ತುದಿಯಲ್ಲಿ ಒಬ್ಬ ಮುದುಕರು ನಡಿಗೆ ಕಲಿಯುತ್ತಿದ್ದರು. ಹಿಂದೆ ಲಾರಿ ಓಡಿಸುತ್ತಿದ್ದವರು. ಅವರ ಪಾದವೂ ಅದೇ ಗಡುಸು ಬಟ್ಟೆಯದು. ಹೆಜ್ಜೆ ಹೆಜ್ಜೆಗೂ ಹೊರಳುತ್ತಿದ್ದರು. ಅಂಚೆಯಕ್ಕ ಹೋಗಿ ಅವರ ತೋಳು ಹಿಡಿದಳು.

"ತಾತ, ಪಾದವನ್ನ ಬಯ್ಬೇಡಿ. ತಪ್ಪು ನಮ್ಮದೇ. ನಾನೂ ಪಾದದ್ದೇ ತಪ್ಪು ಅಂದ್ಕೊಂಡಿದ್ದೆ. ಗೆರೆ ಎಳ್ಕೊಡ್ತೀನಿ, ಅದರ ಮೇಲೆ ನಡೀರಿ."

"ನನಗೆ ವಯಸ್ಸಾಯ್ತು ಮಗಳೇ. ನನ್ನ ಗಾಡಿಗೆ ಸ್ಟೇರಿಂಗೇ ನಿಲ್ತಾ ಇಲ್ಲ" ಅಂದರು ಮುದುಕರು. ಆಕೆ ನಗುತ್ತಾ ಸೀಮೆಸುಣ್ಣಕ್ಕೆ ಬಗ್ಗಿದಳು.

"ಬೇಡಮ್ಮ, ಗೆರೆ ಎಳೀಬೇಡ" ಅಂದರು ಪಾದದಣ್ಣ. ದನಿ ಅವರದೇ ಎಂದು ಅವರಿಗೇ ಅನ್ನಿಸಲಿಲ್ಲ. "ತಾತನ ನಡಿಗೆನೂ ಸರಿ ಇದೆ, ನಿಂದೂ ಸರಿ ಇತ್ತು. ಬಟ್ಟೆ ಕತ್ತರಿಸಿದ್ದು ನಾನು. ತಪ್ಪಾಗಿ ಕತ್ತರಿಸಿದೆ. ಬಗ್ಗಿದಾಗೆಲ್ಲ ಆ ಪಾದ ತಿರುಚ್ಕೊಳ್ಳುತ್ತೆ. ನೀನು ಬಿದ್ದಿದ್ದು ಅದಕ್ಕೇ. ಹೊಸದು ಕೊಡುವಾಗಲೂ ಹೇಳಲಿಲ್ಲ. ಮುಖ ಇರಲಿಲ್ಲ."

ಮುದುಕರು ತಮ್ಮ ಪಾದವನ್ನೇ ನೋಡಿಕೊಂಡರು. ಅಂಚೆಯಕ್ಕ ಸುಣ್ಣದ ಕಡ್ಡಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

"ಅವತ್ತು ಎಲ್ರೂ ನಕ್ಕಾಗ ನಾನೂ ನಕ್ಕೆ ಅಣ್ಣ" ಅಂದಳು. "ಮನೆಗೆ ಹೋಗಿ ಕನ್ನಡಿ ಮುಂದೆ ನನ್ನನ್ನ ನಾನೇ ಬೈಕೊಂಡೆ. ಅದನ್ನ ಹೇಗೆ ವಾಪಸ್ ತಗೊಳ್ತೀರಿ?"

"ಆಗಲ್ಲ ಅಮ್ಮ."

"ಆಗಲ್ಲ" ಅಂದಳು ಆಕೆಯೂ. ಹೊಸ ಪಾದದಲ್ಲೇ ನೆಟ್ಟಗೆ ನಡೆದು ಹೊರಗೆ ಹೋದಳು.

ಪಾದದಣ್ಣ ಆ ಬಟ್ಟೆಯ ಪಾದ ಹೋದ ಮನೆಗಳನ್ನೆಲ್ಲ ತಾವೇ ಹುಡುಕಿಕೊಂಡು ಹೋದರು. ಶೆಡ್ಡಿನ ಮೇಲಧಿಕಾರಿಗಳು ಬೇರೆ ಯಾರನ್ನಾದರೂ ಕಳಿಸುತ್ತೇವೆ ಎಂದರೂ ಒಪ್ಪಲಿಲ್ಲ. ಬಾಗಿಲು ತಟ್ಟುವುದು, "ನೀವು ನಡೆಯೋದು ಸರಿ ಇದೆ, ನಾನು ಮಾಡಿದ್ದು ಸರಿ ಇಲ್ಲ" ಅನ್ನುವುದು. ಒಂದು ಮನೆಯಲ್ಲಿ ಮುಖದ ಮೇಲೆ ಬಾಗಿಲು ಹಾಕಿದರು. ಒಂದು ಮನೆಯಲ್ಲಿ ಕೂರಿಸಿ ನೀರು ಕೊಟ್ಟರು, ಅದು ಬಾಗಿಲು ಹಾಕಿದ್ದಕ್ಕಿಂತ ಕಷ್ಟವಾಯಿತು. ಮತ್ತೊಂದರಲ್ಲಿ ಪಾದ ಹಾಕಿಕೊಂಡಿದ್ದ ಮನುಷ್ಯ ನಡೆಯುವುದನ್ನೇ ಬಿಟ್ಟು ಕುರ್ಚಿ ಹಿಡಿದಿದ್ದ. ಅಲ್ಲಿಗೆ ಪಾದದಣ್ಣ ಈಗಲೂ ಹೋಗುತ್ತಾರೆ, ತೋಳು ಕೊಟ್ಟು ಅಂಗಳದಲ್ಲಿ ನಡೆಸುತ್ತಾರೆ.

ಅಂಚೆಯಕ್ಕ ಮತ್ತೊಮ್ಮೆ ಮೆಟ್ಟಿಲು ಹತ್ತಿ ಇಳಿದು ತೋರಿಸಿದಳು, ಬೀದಿಗಳು ಸಿಕ್ಕಿವೆ. ಶೆಡ್ಡಿಗೂ ಅಂಚೆ ತರುತ್ತಾಳೆ. ಪಾದದಣ್ಣನಿಗೆ ತಲೆ ತಗ್ಗಿಸಿ ಒಂದು ನಮಸ್ಕಾರ, ಅಷ್ಟೇ. ಹೆಚ್ಚು ಮಾತಿಲ್ಲ. ಅದೇ ಸರಿ ಅನ್ನುತ್ತಾರೆ ಅವರು.

ನಿಮ್ಮಲ್ಲಿ ಯಾರಿಗಾದರೂ ಕೃತಕ ಕಾಲಿದ್ದು, ಎಷ್ಟು ಅಭ್ಯಾಸ ಮಾಡಿದರೂ ನಡಿಗೆ ಹತ್ತದಿದ್ದರೆ ಒಮ್ಮೆ ಆ ಕೊನೆಯ ಕೋಣೆಗೆ ಹೋಗಿ. ಕಾಲು ಸರಿ ಇದ್ದವರೂ ಹೋಗಿ. ಕೃತಕ ಕಾಲಿನವರನ್ನು ನಡೆಸಿ ನೋಡುವ ಮುಂಚೆ ಅವರು ಪಾದವನ್ನು ಬಿಚ್ಚಿ, ಮೇಜಿನ ಅಂಚಿಗಿಟ್ಟು, ನಿಮ್ಮ ಎದುರಿಗೇ ಒತ್ತಿ ನೋಡುತ್ತಾರೆ. ಆಗ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿರಿ. ಈಗ ಮಾತು ಕಡಿಮೆಯ ಮನುಷ್ಯ, ನೀವೇ ಮಾತಾಡಿಸಬೇಕು. ಇದನ್ನೆಲ್ಲ ಓದಿಕೊಂಡು ಬಂದೆವು ಎಂದು ಮಾತ್ರ ಹೇಳಬೇಡಿ.