ಹುಳಿ ಅಳೆಯುವ ಕಡ್ಡಿಗೆ ನಿಂಬೆಹಣ್ಣು

ಗೆಳೆಯರೇ, ಇಂಡಿ ಊರಿನ ಸೈಬರ್ ಕೆಫೆಯಲ್ಲಿ ಕೂತು ಸಿಟ್ಟಿನಲ್ಲೇ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಝಳಕಿ ಕಡೆಯ ನಮ್ಮ ಕೆಮಿಕಲ್ ಫ್ಯಾಕ್ಟರಿಗೆ ತಾನೇ ಕಲಿತು ತಾನೇ ನಿರ್ಧರಿಸುವ ಕಂಪ್ಯೂಟರ್ ಬಂದಿದೆ. ತೊಟ್ಟಿಯ ಕೊಳೆನೀರಿನಲ್ಲಿ ಆಸಿಡ್ ಎಷ್ಟಿದೆ ಎಂದು ಒಂದು ಕಡ್ಡಿ ಅಳೆಯುತ್ತದೆ. ಹೆಚ್ಚಿದ್ದರೆ ಅದನ್ನು ತಗ್ಗಿಸಲು ಕಂಪ್ಯೂಟರ್ ಸುಣ್ಣದ ನೀರು ಬಿಡುತ್ತದೆ. ಇವತ್ತು ಅದನ್ನು ಚಾಲೂ ಮಾಡಿ, ನಾನು ಚಹಾ ಕುಡಿದು ಬರುವಷ್ಟರಲ್ಲಿ ತೊಟ್ಟಿಯೆಲ್ಲ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಸುಣ್ಣ ಇನ್ನೂ ಸುರಿಯುತ್ತಲೇ ಇತ್ತು.

ಓಡಿಹೋಗಿ ನೋಡಿದರೆ ಕಡ್ಡಿ ನೀರಿನಲ್ಲೇ ಇಲ್ಲ. ಅದನ್ನು ಮೇಲೆತ್ತಿ, ತುದಿಗೆ ಕುಂಕುಮ ಹಚ್ಚಿದ ನಿಂಬೆಹಣ್ಣು ಚುಚ್ಚಿ ನಿಲ್ಲಿಸಿದ್ದಾರೆ!

"ಇದನ್ಯಾರು ಮಾಡಿದ್ರಿ?" ಎಂದು ಕೂಗಿದೆ.

"ನಾನ ಮಾಡೇನ್ರಿ. ಹೊಸಾ ಮಷೀನು, ದೃಷ್ಟಿ ಆಗಬಾರದಲ್ರಿ," ಎಂದರು ನಮ್ಮ ಮ್ಯಾನೇಜರ್ ಸಾಹೇಬರು.

"ಸಾಹೇಬ್ರ, ಅದು ಹುಳಿ ಅಳಿಯೋ ಕಡ್ಡಿರಿ! ನಿಂಬಿಹಣ್ಣಿನ ಹುಳಿ ನೋಡಿ ತೊಟ್ಟಿಗೆ ಸುಣ್ಣಾ ಸುರದೈತಿ."

"ಅಂದ್ರ ನಿಂಬಿಹಣ್ಣು ಯಾವುದು, ತೊಟ್ಟಿ ಯಾವುದು ಅನ್ನೂದು ಗೊತ್ತಾಗಂಗಿಲ್ಲೇನ್ರಿ ಅದಕ್ಕ? ಮತ್ತ ಭಾಳ ಶಾಣ್ಯಾ ಐತಿ ಅಂದಿದ್ರಿ?"

ಫ್ಯಾಕ್ಟರಿ ಬಂದ್ ಆಯಿತು. ತೊಟ್ಟಿ ತೊಳೆಸುವ ಕೆಲಸ ನನ್ನ ತಲೆಗೆ ಬಂತು. ಸಾಹೇಬರ ಪ್ರಕಾರ ದೃಷ್ಟಿ ಜೋರಾಗಿಯೇ ತಗುಲಿದೆ, ಒಂದು ನಿಂಬೆಹಣ್ಣು ಸಾಲಲಿಲ್ಲ. ನಾಳೆ ಬುಟ್ಟಿ ತುಂಬ ತರುತ್ತಾರಂತೆ.

ಕಂಪ್ಯೂಟರಪ್ಪಾ, ನೀನು ನಿಜಕ್ಕೂ ತಾನೇ ಕಲಿಯುವವನಾದರೆ, ಸಾಹೇಬರು ಬುಟ್ಟಿ ಹಿಡಿದು ಬರುವುದು ಕಂಡ ಕೂಡಲೇ ಆಫ್ ಆಗುವುದನ್ನು ಇವತ್ತು ರಾತ್ರಿಯೊಳಗೆ ಕಲಿತುಬಿಡು.